ತೆಂಗಿನಕಾಯಿ ಎತ್ತಲಾರದ ಮಷೀನು

ನಾಯಿ ಸಾಕಿದವರ ಮನೆಗೆ ವ್ಯಾಕ್ಯೂಮ್ ಕ್ಲೀನರ್ ತೋರಿಸಲು ಹೋದಾಗ ಮೊದಲು ಪೆಟ್ಟಿಗೆ ಬಿಚ್ಚಬೇಡಿ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕುರ್ಚಿ ಕೊಟ್ಟರೂ ಬೇಡವೆಂದು ನೆಲದ ಮೇಲೆ ಕೂತುಕೊಳ್ಳಿ. ನಾಯಿ ಬಂದು ಮೂಸಿ ಹೋಗಲಿ. ಎದ್ದ ಮೇಲೆ ನಿಮ್ಮ ಸೀರೆಯನ್ನೋ ಪ್ಯಾಂಟನ್ನೋ ಬಗ್ಗಿ ನೋಡಿಕೊಳ್ಳಿ. ಆ ಮನೆಗೆ ಎಂಥ ಮಷೀನು ಬೇಕು ಎಂಬುದಕ್ಕೆ ಅರ್ಧ ಉತ್ತರ ಅಲ್ಲಿ ಅಂಟಿಕೊಂಡಿರುತ್ತದೆ.

ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಹದಿನೈದು ವರ್ಷ ಬೇಕಾಯಿತು. ಹೊಸಪೇಟೆಯ ಒಂದು ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದು ಹೋದ ವರ್ಷ ನಿವೃತ್ತಳಾದೆ. ಮೊದಲು ಮಷೀನು ತೋರಿಸುವವಳಾಗಿದ್ದೆ, ಆಮೇಲೆ ರಿಪೇರಿಯನ್ನೂ ಕಲಿತೆ. ಈಗ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಫೋನು ಮಾಡಿ ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಎಂದು ಕುಳಿತಿದ್ದೇನೆ. ಯಾವಾಗ ಸಂಬಳ ಏರಿತು, ಯಾವಾಗ ಇನ್‌ಚಾರ್ಜ್ ಆದೆ ಎನ್ನುವುದು ನಿಮಗೆ ಉಪಯೋಗವಿಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪು, ಅದನ್ನು ತಿದ್ದಿದ ರೀತಿ, ಇವು ಉಪಯೋಗಕ್ಕೆ ಬರಬಹುದು.

ನಾನು ಗಾದಿಗನೂರಿನವಳು. ನಮ್ಮ ಮನೆಯಲ್ಲಿ ಕಸಬರಿಗೆ ಬಿಟ್ಟರೆ ಬೇರೆ ಯಂತ್ರವಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ನಾನು ವ್ಯಾಕ್ಯೂಮ್ ಕ್ಲೀನರನ್ನು ಮೊದಲ ಸಲ ನೋಡಿದ್ದು. ಅಂಗಡಿ ಮಾಲೀಕರು ಪಂಪಣ್ಣನವರು, ಒಳ್ಳೆಯ ಮನುಷ್ಯರು, ಮಾರುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಾಣಲಿಲ್ಲ. ಮಷೀನಿನ ಶಕ್ತಿ ತೋರಿಸಲು ಅವರೇ ಒಂದು ಉಪಾಯ ಕಂಡುಹಿಡಿದಿದ್ದರು. ನಾರೆಲ್ಲ ಹೆರೆದು ನುಣ್ಣಗೆ ಮಾಡಿದ ತೆಂಗಿನಕಾಯಿಯನ್ನು ಪೈಪಿನ ಬಾಯಿಗೆ ಹಿಡಿದು ಸ್ವಿಚ್ ಹಾಕುವುದು, ಕಾಯಿ ಗಪ್ಪನೆ ಅಂಟಿಕೊಂಡ ಮೇಲೆ ಪೈಪನ್ನು ತಲೆಯ ಮಟ್ಟಕ್ಕೆ ಎತ್ತುವುದು. ಜನ ಬಾಯಿ ಬಿಟ್ಟು ನೋಡುತ್ತಿದ್ದರು. ನಾನು ಅದನ್ನು ಅದೆಷ್ಟು ಸಲ ಮಾಡಿದೆನೋ. ಬುಕ್ಕಸಾಗರದ ಒಂದು ಮದುವೆ ಮನೆಯಲ್ಲಿ, ಬೀಗರ ಮುಂದೆ ಸಹ ಮಾಡಿ ತೋರಿಸಿದ್ದೇನೆ. ಕಾಯಿ ಎತ್ತಿದ ಮಷೀನು ಮಾರಾಟವಾಗುತ್ತಿತ್ತು, ಎತ್ತದ ಮಷೀನು ಗೋಡೌನಿಗೆ ಹೋಗುತ್ತಿತ್ತು. ನಮ್ಮ ಅಂಗಡಿಯಲ್ಲಿ ಇದ್ದದ್ದು ಅದೊಂದೇ ಪರೀಕ್ಷೆ.

ಸಂಡೂರಿನ ಸರೋಜಾ ಟೀಚರ್ ಅಂಗಡಿಗೆ ಬಂದದ್ದು ಒಂದು ಬೇಸಿಗೆಯ ಭಾನುವಾರ. ಅವರು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಗಂಡ ಗಣಿ ಕಂಪನಿಯ ಕೆಲಸದ ಮೇಲೆ ವಾರಗಟ್ಟಲೆ ಹೊರಗಿರುತ್ತಿದ್ದರು. ಮನೆಯಲ್ಲಿ ಅವರು, ಅವರ ಅತ್ತೆ, ಎರಡು ನಾಯಿ. ಒಂದು ಅಲ್ಸೇಷನ್ ಜಾತಿಯದು, ಹೆಸರು ರಾಜ. ಇನ್ನೊಂದು ಬಿಳಿ ಪಾಮೇರಿಯನ್, ಹೆಸರು ಬೆಳ್ಳಿ.

ನಾನು ಎಂದಿನಂತೆ ಕಾಯಿ ಎತ್ತಿ ತೋರಿಸಿದೆ. ಟೀಚರ್ ಎಲ್ಲರ ಹಾಗೆ ಬೆರಗಾಗಲಿಲ್ಲ. ಕೈಕಟ್ಟಿ ನಿಂತು ಕೇಳಿದರು, “ಅದು ಸರಿ ಅಕ್ಕಾರ, ನಾಯಿ ಕೂದಲ ಹಿಡೀತೈತೇನ್ರಿ?”

“ಕಾಯಿ ಎತ್ತೋ ಮಷೀನಿಗೆ ಕೂದಲ ಯಾವ ಲೆಕ್ಕ ಟೀಚರ್,” ಎಂದೆ ನಾನು.

ಅವರು ಅದನ್ನು ನಂಬಿ ಮಷೀನು ಒಯ್ದರು.

ಮೂರು ವಾರ ಕಳೆದ ಮೇಲೆ ಫೋನು ಬಂತು. ಮಷೀನು ಸುಟ್ಟ ವಾಸನೆ ಬಂದು ನಿಂತುಹೋಗಿದೆ ಎಂದರು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಸಂಡೂರಿನ ದಾರಿ ನಿಮಗೆ ಗೊತ್ತೇ ಇದೆ. ಅದಿರು ಲಾರಿಗಳ ಹಿಂದೆ ಬಸ್ಸು ಹೋಗುತ್ತಿದ್ದರೆ ಕಿಟಕಿ ಹಾಕಿದರೂ ಇಳಿಯುವ ಹೊತ್ತಿಗೆ ರೆಪ್ಪೆಗೂದಲೆಲ್ಲ ಕೆಂಪು. ಟೀಚರ ಮನೆಯ ಬಾಗಿಲು ತೆರೆದಾಗ ಎದುರಿಗೆ ಬಂದದ್ದು ಟೀಚರ್ ಹೇಳಿದ್ದ ಬೆಳ್ಳಿಯೇ ಎಂದು ನನಗೆ ಮೊದಲು ಗೊತ್ತಾಗಲಿಲ್ಲ. ಬಿಳಿ ನಾಯಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಟೀಚರ ಅತ್ತೆ ಬಸಲಿಂಗಮ್ಮನವರು ಪಡಸಾಲೆಯಲ್ಲಿ ಕೂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಹಣೆಯ ತುಂಬ ವಿಭೂತಿ, ಮೂಗಿನ ತುದಿಗೆ ಇಳಿದ ಕನ್ನಡಕ. ಅವರು ನನ್ನನ್ನು ಬೈಯಲಿಲ್ಲ. ಹತ್ತಿರ ಕರೆದು ತಮ್ಮ ಬಲ ಅಂಗೈ ತೋರಿಸಿದರು.

“ನೋಡವ್ವ, ಇವತ್ತ ಮುಂಜಾನಿ ಲಿಂಗಪೂಜಿಗೆ ಕುಂತಿದ್ದೆ. ಅಂಗೈಯಾಗ ಲಿಂಗ ಇಟ್ಕೊಂಡು ವಿಭೂತಿ ಹಚ್ಚಬೇಕಂದ್ರ ಲಿಂಗದ ಮ್ಯಾಲೆ ರಾಜನ ಕೂದಲ. ನಿನ್ನೆ ಬೆಳ್ಳೀದು. ಮೊನ್ನಿ ಇಬ್ಬರದೂ. ನಾ ಏನ್ ನಾಯಿಗೆ ವೈರಿ ಅಲ್ಲ. ಆದ್ರ ಶ್ರಾವಣಕ್ಕ ನಮ್ಮ ಮನಿಗೆ ಅಯ್ನೋರು ಪೂಜಿಗೆ ಬರ್ತಾರ. ಅಷ್ಟ್ರಾಗ ಈ ಕೂದಲ ನಿಲ್ಲಲಿಲ್ಲಾಂದ್ರ ಎರಡನ್ನೂ ಮರಿಯಮ್ಮನಹಳ್ಳಿಗೆ ನಮ್ಮ ತಮ್ಮನ ಹೊಲಕ್ಕ ಕಳಿಸ್ತೀನಿ. ಮಗನಿಗೂ ಹೇಳೀನಿ.”

ಸರೋಜಾ ಟೀಚರ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಬಿಡಲು ಗೇಟಿನ ತನಕ ಬಂದಾಗ ಮೆಲ್ಲಗೆ ಹೇಳಿದರು, “ಆ ಹೊಲ ಹೈವೇ ಬದೀಗೇ ಐತ್ರಿ ಅಕ್ಕಾರ. ಇಡೀ ದಿನ ಲಾರಿ. ಬೆಳ್ಳಿಗೆ ರಸ್ತಿ ದಾಟೋದ ಗೊತ್ತಿಲ್ಲ. ಮನಿ ಬಿಟ್ಟು ಒಂದ ದಿನ ಹೊರಗ ಇದ್ದದ್ದಲ್ಲ ಅದು.” ಶ್ರಾವಣಕ್ಕೆ ಒಂದೂವರೆ ತಿಂಗಳಿತ್ತು.

ಮಷೀನನ್ನು ಅಂಗಡಿಗೆ ತಂದು ಬಿಚ್ಚಿದೆ. ಪೈಪಿನ ಬಾಗಿನಲ್ಲಿ ಕೂದಲು ಸಿಕ್ಕಿಕೊಂಡು, ಅದರ ಮೇಲೆ ಇನ್ನಷ್ಟು ಕೂತು, ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಒಳಗಿನ ಚೀಲ ಅರ್ಧವೂ ತುಂಬಿರಲಿಲ್ಲ, ಆದರೆ ಅದರ ಬಟ್ಟೆಗೆ ಅದಿರಿನ ನುಣ್ಣನೆ ಧೂಳು ಬಳಿದ ಬಣ್ಣದಂತೆ ಮೆತ್ತಿಕೊಂಡಿತ್ತು. ಗಾಳಿ ಹೋಗಲು ದಾರಿಯೇ ಇಲ್ಲ. ಇಂಥ ಮಷೀನಿನಲ್ಲಿ ಕಸ ಎಳೆಯುವ ಗಾಳಿಯೇ ಮೋಟಾರನ್ನು ತಂಪಾಗಿಡುವುದು. ಗಾಳಿ ನಿಂತರೆ ಮೋಟಾರು ತನ್ನ ಬಿಸಿಗೆ ತಾನೇ ಬೇಯುತ್ತದೆ. ಟೀಚರು ಏನೂ ತಪ್ಪು ಮಾಡಿರಲಿಲ್ಲ. ನಾನು ಹೇಳಿದ ಹಾಗೆಯೇ ದಿನಾ ಬಳಸಿದ್ದರು.

ಕಂಪನಿಯ ಏರಿಯಾ ಮ್ಯಾನೇಜರ್ ಫೋನಿನಲ್ಲಿ ಕೇಳಿಸಿಕೊಂಡು, “ಅದು ಮಿಸ್‌ಯೂಸ್ ಮೇಡಂ. ಸರ್ವಿಸ್ ರಿಪೋರ್ಟಲ್ಲಿ ಹಾಗೇ ಬರೆದುಬಿಡಿ, ವಾರಂಟಿ ಬರಲ್ಲ, ರಿಪೇರಿಗೆ ಹುಬ್ಬಳ್ಳಿಗೆ ಕಳಿಸಬೇಕು,” ಎಂದರು. ಟೀಚರ್ ಫೋನು ಮಾಡಿ ಕೇಳಿದಾಗಲೂ ಅವರಿಗೆ ಇದೇ ಉತ್ತರ ಸಿಕ್ಕಿತ್ತು. ಪಂಪಣ್ಣನವರೂ ಅದನ್ನೇ ಹೇಳಿದರು. ನಾನು ರಿಪೋರ್ಟಿನಲ್ಲಿ ಬರೆದದ್ದು ಬೇರೆ: ‘ಗ್ರಾಹಕರ ತಪ್ಪಿಲ್ಲ. ಈ ಮನೆಗೆ ಹೊಂದದ ಮಷೀನನ್ನು ನಾವೇ ಕೊಟ್ಟಿದ್ದೇವೆ.’ ಕೆಳಗೆ ಸಹಿ ಹಾಕಿದೆ.

ಪಂಪಣ್ಣನವರು ಅದನ್ನು ಎರಡು ಸಲ ಓದಿದರು. “ಹುಲಿಗೆಮ್ಮ, ನೀನು ಯಾರ ಅಂಗಡ್ಯಾಗ ಕೆಲಸ ಮಾಡ್ತೀ?” ಎಂದು ಕೇಳಿದರು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಾಗಿಲು ಎತ್ತುವಾಗ ಬೆನ್ನು ತಿರುಗಿಸಿಯೇ ಹೇಳಿದರು, “ಇದು ತಪ್ಪು ಮಷೀನು ಅಂತ ಬರ್ದಿ. ಹಂಗಾರ ಸರಿ ಮಷೀನು ಯಾವುದಂತ ನೀನ ಹುಡುಕು. ಸಿಕ್ಕರ ಟೀಚರ್‌ಗೆ ಬದಲಿ ಕೊಡೋಣ.”

ಅವರ ಬಗ್ಗೆ ನನಗೆ ಇವತ್ತಿಗೂ ಗೌರವ ಉಳಿದಿರುವುದು ಆ ಮಾತಿಗೆ.

ಹುಡುಕಬೇಕೆಂದರೆ ಪರೀಕ್ಷೆ ಬೇಕು, ಪರೀಕ್ಷೆಗೆ ನಾಯಿಯ ಕೂದಲು ಬೇಕು. ಹಂಪಿಯ ಹತ್ತಿರ ಗೆಸ್ಟ್‌ಹೌಸ್ ನಡೆಸುವ ಒಬ್ಬರು ನಮ್ಮ ಗಿರಾಕಿಯಾಗಿದ್ದರು, ಐದು ಬೀದಿನಾಯಿಗಳಿಗೆ ಅನ್ನ ಹಾಕಿ ಸಾಕಿದ್ದರು. ಬೇಸಿಗೆಯ ಕೊನೆಯಾದ್ದರಿಂದ ಐದೂ ಮೈತುಂಬ ಕೂದಲು ಉದುರಿಸುತ್ತಿದ್ದವು. ಮಧ್ಯಾಹ್ನವೆಲ್ಲ ಅವರ ಅಂಗಳದಲ್ಲಿ ಕೂತು ಬಾಚಣಿಗೆಯಿಂದ ಬಾಚಿ ಒಂದು ಗೋಣಿಚೀಲ ತುಂಬಿಸಿದೆ. ಹೊಸಪೇಟೆಯ ಬಸ್ಸಿನಲ್ಲಿ ಕಂಡಕ್ಟರು, “ಏನ್ರೀ ಇದು, ಹತ್ತಿಯೇನು? ಲಗೇಜ್ ಆಗತೈತಿ,” ಎಂದ. ನಾಯಿ ಕೂದಲು ಎಂದೆ. ಅವನು ಚೀಲವನ್ನು ನೋಡಿದ, ನನ್ನನ್ನು ನೋಡಿದ, ಲಗೇಜಿನ ಮಾತೆತ್ತದೆ ಮುಂದಿನ ಸೀಟಿಗೆ ಹೋದ.

ಅಂಗಡಿಗೆ ರಜೆಯಿದ್ದ ದಿನ ಗೋಡೌನಿನಲ್ಲಿ ಜಮಖಾನ ಹಾಸಿ, ಅದರ ಮೇಲೆ ಕೂದಲು ಹರಡಿ, ಹತ್ತು ಸಲ ಅದರ ಮೇಲೆ ಓಡಾಡಿ ತುಳಿದೆ. ಹಾಗೆ ತುಳಿಯದಿದ್ದರೆ ಪರೀಕ್ಷೆ ಸುಳ್ಳು. ಉದುರಿದ ಕೂದಲನ್ನು ಯಾವ ಮಷೀನಾದರೂ ಎತ್ತುತ್ತದೆ. ನೂಲಿನೊಳಗೆ ಹೊಕ್ಕ ಕೂದಲೇ ಮನೆಯವರನ್ನು ಕಾಡುವುದು. ಆಮೇಲೆ ಜಮಖಾನದ ಒಂದೊಂದು ಪಾಲಿನ ಮೇಲೆ ಒಂದೊಂದು ಮಷೀನು ಓಡಿಸಿದೆ. ನೋಡಲು ಎಲ್ಲ ಕಡೆಯೂ ಚೊಕ್ಕಟವಾಗಿತ್ತು. ಇಷ್ಟು ಸುಲಭವಾಗಿ ಮುಗಿಯಿತೇ ಎಂದು ಅನುಮಾನ ಬಂದು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಹಾಕಿಕೊಂಡು, ಕೈ ಒದ್ದೆ ಮಾಡಿ ಜಮಖಾನವನ್ನು ಬಲವಾಗಿ ಒರೆಸಿದೆ. ಮುಷ್ಟಿಗಟ್ಟಲೆ ಕೂದಲು ಎದ್ದು ಬಂತು. ಕಾಯಿಯನ್ನು ತಲೆಯ ಮೇಲೆ ಎತ್ತಿದ ನಮ್ಮ ಹೆಮ್ಮೆಯ ಮಷೀನೇ ಎಲ್ಲಕ್ಕಿಂತ ಹೆಚ್ಚು ಕೂದಲು ಬಿಟ್ಟಿತ್ತು.

ಆ ಗೋಡೌನಿನಲ್ಲಿ ನೆಲದ ಮೇಲೆ ಕೂತು ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಹದಿನೈದು ವರ್ಷ ಜನರಿಗೆ ತೋರಿಸಿದ್ದು ಕಾಯಿ ಎತ್ತುವ ಶಕ್ತಿ. ಕಾಯಿ ಎತ್ತಲು ವ್ಯಾಕ್ಯೂಮ್ ಕ್ಲೀನರನ್ನು ಯಾರು ಕೊಳ್ಳುತ್ತಾರೆ?

ಮೂಲೆಯಲ್ಲಿ ಧೂಳು ಹಿಡಿದ ಒಂದು ಪೆಟ್ಟಿಗೆಯಿತ್ತು. ಬೇರೊಂದು ಕಂಪನಿಯದು, ಎರಡು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಪೊರಕೆಯ ಹಾಗೆ ನೆಟ್ಟಗೆ ನಿಲ್ಲುವ, ಬೂದಿ ಬಣ್ಣದ, ಭಾರವಾದ ಮಷೀನು. ಅದರ ಬಾಯಿ ಕೆಳಗಿನ ಅಗಲವಾದ ತಲೆಯಲ್ಲಿತ್ತು, ಒಳಗೆ ಗರಗರ ತಿರುಗುವ ಬ್ರಷ್ಷಿನ ರೋಲರು. ಅಂಥ ಬಾಯಿಗೆ ಕಾಯಿ ಹಿಡಿಸುವುದಿಲ್ಲ, ಆದ್ದರಿಂದ ಪಂಪಣ್ಣನವರು ಅದನ್ನು ಶೋರೂಮಿನಲ್ಲಿ ಇಡಿಸಿರಲೇ ಇಲ್ಲ. ಮತ್ತೆ ಕೂದಲು ಹರಡಿ ತುಳಿದು, ಅದನ್ನು ಜಮಖಾನದ ಮೇಲೆ ನಾಲ್ಕು ಸಲ ಎಳೆದೆ. ಒದ್ದೆ ಗ್ಲೌಸಿನಿಂದ ಒರೆಸಿದೆ. ಬೆರಳ ಸಂದಿಯಲ್ಲಿ ನಾಲ್ಕೈದು ಕೂದಲು ಅಷ್ಟೇ. ಇನ್ನೊಂದು ಸಲ ಮಾಡಿದೆ. ಮೂರನೆಯ ಸಲವೂ ಮಾಡಿದೆ. ಬ್ರಷ್ಷು ನೂಲಿನೊಳಗಿನ ಕೂದಲನ್ನು ಬಾಚಿ ಎಬ್ಬಿಸುತ್ತಿತ್ತು, ಎದ್ದದ್ದನ್ನು ಗಾಳಿ ಎಳೆದುಕೊಳ್ಳುತ್ತಿತ್ತು.

ಕೂದಲು ಬಗೆಹರಿಯಿತು, ಧೂಳು ಉಳಿದಿತ್ತು. ಸಂಡೂರಿನ ಧೂಳನ್ನು ತಡೆಯುವ ಫಿಲ್ಟರು ಇದರಲ್ಲಿದೆಯೇ ಎಂದು ನೋಡಲು ಅದನ್ನು ಒಂದು ವಾರ ಕಂಪ್ಲಿಯ ಒಬ್ಬ ಅಕ್ಕಿ ಗಿರಣಿ ಮಾಲೀಕರ ಮನೆಯಲ್ಲಿಟ್ಟೆ. ಮನೆ ಗಿರಣಿಗೆ ಅಂಟಿಕೊಂಡೇ ಇತ್ತು. ಅವರ ಎರಡು ನಾಯಿಗಳು ತೌಡಿನ ರಾಶಿಯಲ್ಲಿ ಹೊರಳಿ ಸೀದಾ ಸೋಫಾಕ್ಕೆ ಹಾರುತ್ತಿದ್ದವು. ನಾಲ್ಕನೆಯ ದಿನ ಮನೆಯೊಡತಿ ಫೋನು ಮಾಡಿ, “ಮಷೀನು ದಮ್ಮು ಹಿಡದಂಗ ಮಾಡ್ತೈತಿ, ಅದರಾಗಿಂದ ಹೊಲಸು ವಾಸನಿ ಬ್ಯಾರೆ,” ಎಂದರು. ಹೋಗಿ ನೋಡಿದರೆ ಫಿಲ್ಟರು ತೊಳೆದು ಒಣಗುವ ಮುಂಚೆಯೇ ಹಾಕಿದ್ದರು. ಹಸಿ ಫಿಲ್ಟರಿಗೆ ತೌಡಿನ ಪುಡಿ ಸೇರಿ ಹಿಟ್ಟು ಕಲಸಿದಂತಾಗಿತ್ತು. ಅವತ್ತಿನಿಂದ ನನ್ನ ನಿಯಮ ಒಂದೇ. ತೊಳೆಯಬಹುದಾದ ಫಿಲ್ಟರಿರುವ ಮಷೀನು, ಅದರ ಜೊತೆಗೆ ಎರಡನೆಯ ಫಿಲ್ಟರು. ಒಂದು ಒಣಗುವಾಗ ಇನ್ನೊಂದು ಕೆಲಸ ಮಾಡಬೇಕು. ಎರಡನೆಯದು ಸಿಗದ ಮಷೀನನ್ನು ಎಷ್ಟು ಚೆಂದವಿದ್ದರೂ ನಾಯಿ ಇರುವ ಮನೆಗೆ ಕೊಡಬೇಡಿ. ಆ ಮನೆಗೆ ಎರಡನೆಯ ಫಿಲ್ಟರು ಕೊಟ್ಟ ಮೇಲೆ ವಾರ ಮುಗಿಯುವವರೆಗೆ ಮಷೀನು ಒಂದೇ ದನಿಯಲ್ಲಿ ಓಡಿತು.

ಇಷ್ಟು ಹೊತ್ತಿಗೆ ಆಷಾಢ ಮುಗಿಯುತ್ತ ಬಂದಿತ್ತು. ಅದೇ ವಾರ ಏರಿಯಾ ಮ್ಯಾನೇಜರ್ ತಮ್ಮ ಕಂಪನಿಯ ಹೊಸ ಮಾಡಲ್ ಹಿಡಿದುಕೊಂಡು ಹೊಸಪೇಟೆಗೆ ಬಂದರು. ಪಂಪಣ್ಣನವರು ನಗುತ್ತಲೇ ಹೇಳಿದರು, “ಸಾರ್, ನಮ್ಮ ಹುಲಿಗೆಮ್ಮ ನಿಮ್ಮ ಮಷೀನು ಬ್ಯಾಡ ಅಂತಾಳ. ಗೋಡೌನಿನ ಹಳೇದು ತೆಗ್ದಾಳ.”

ಮ್ಯಾನೇಜರಿಗೆ ಅವಮಾನವಾಯಿತೇನೋ. “ಆ ಸಂಡೂರಿನ ಮನೆಗೇ ಹೋಗೋಣ ಬನ್ನಿ. ಎರಡೂ ಮಷೀನು ಅಲ್ಲೇ ಓಡಿಸೋಣ. ನಮ್ಮದು ಗೆದ್ದರೆ ಮೇಡಂ ಆ ರಿಪೋರ್ಟನ್ನ ಬದಲಾಯಿಸಿ ಬರೆದುಕೊಡಲಿ,” ಎಂದರು.

ನಾನು ಒಪ್ಪಿದೆ.

ಮರುದಿನ ಹತ್ತು ಗಂಟೆಗೆ ಮ್ಯಾನೇಜರ ಕಾರಿನಲ್ಲಿ ಮೂವರೂ ಸಂಡೂರಿಗೆ ಹೋದೆವು. ಬಸಲಿಂಗಮ್ಮನವರಿಗೆ ವಿಷಯ ಹೇಳಿದೆ. ಅವರು ಎದ್ದು ತಮ್ಮ ದೊಡ್ಡ ಜಮಖಾನವನ್ನು ಪಡಸಾಲೆಯಲ್ಲಿ ಹಾಸಿಸಿದರು. ರಾಜ, ಬೆಳ್ಳಿ ಎರಡೂ ಮಲಗುತ್ತಿದ್ದದ್ದು ಅದರ ಮೇಲೆಯೇ. ನಡುವೆ ಒಂದು ದಾರ ಎಳೆದು, “ಆ ಕಡೆ ನಿಂದಪ್ಪ, ಈ ಕಡೆ ಈಕೀದು. ಮಾತು ಬ್ಯಾಡ, ಕೆಲಸ ಮಾಡ್ರಿ. ಆಮ್ಯಾಲೆ ನಾ ನೋಡ್ತೀನಿ,” ಎಂದು ಕುರ್ಚಿ ಎಳೆದುಕೊಂಡು ಕೂತರು.

ಮ್ಯಾನೇಜರು ಮೊದಲು ಓಡಿಸಿದರು. ಕೆಂಪು ಬಣ್ಣದ ಮಿರಿಮಿರಿ ಮಷೀನು, ದನಿಯೇ ಒಂದು ಗತ್ತಿನದು. ಐದು ನಿಮಿಷದಲ್ಲಿ ಅವರ ಅರ್ಧ ಹೊಸದರಂತೆ ಕಾಣಿಸಿತು. ಆಮೇಲೆ ನಾನು ಶುರು ಮಾಡಿದೆ. ಎರಡು ಸಲ ಎಳೆದಿರಲಿಲ್ಲ, ಕಿರ್ರ್ ಎಂದು ರೋಲರು ನಿಂತುಬಿಟ್ಟಿತು. ಜಮಖಾನದ ಅಂಚಿನ ಕುಚ್ಚು, ರಾಜನ ಉದ್ದ ಕೂದಲು ಎರಡೂ ಸೇರಿ ರೋಲರಿಗೆ ಸುತ್ತಿಕೊಂಡಿದ್ದವು.

ಮ್ಯಾನೇಜರು ಪಂಪಣ್ಣನವರ ಕಡೆ ನೋಡಿ ಮುಗುಳ್ನಕ್ಕರು. ಪಂಪಣ್ಣನವರು ನೆಲ ನೋಡಿದರು. ಟೀಚರು ಬೆಳ್ಳಿಯನ್ನು ಎತ್ತಿಕೊಂಡು ನಿಂತಿದ್ದವರು ಅದರ ತಲೆಗೆ ಗಲ್ಲ ಒತ್ತಿ ಕಣ್ಣು ಮುಚ್ಚಿಕೊಂಡರು.

ನನಗೆ ಗಾಬರಿಯಾದದ್ದು ನಿಜ. ಆದರೆ ಕೈಗೆ ಕೆಲಸ ಗೊತ್ತಿತ್ತು. ಪ್ಲಗ್ಗು ಕಿತ್ತು, ಮಷೀನನ್ನು ಮಗುಚಿ ಹಾಕಿ, ಸೊಂಟದ ಚೀಲದಿಂದ ಒಂದು ರೂಪಾಯಿ ನಾಣ್ಯ ತೆಗೆದು ತಲೆಯ ಎರಡು ಸ್ಕ್ರೂ ತಿರುಗಿಸಿದೆ. ರೋಲರು ಕೈಗೆ ಬಂತು. ಟೀಚರ ಹೊಲಿಗೆ ಡಬ್ಬಿಯ ಕತ್ತರಿ ಕೇಳಿ, ಉದ್ದಕ್ಕೂ ಒಮ್ಮೆ ಕತ್ತರಿಸಿ, ಸುತ್ತಿದ್ದನ್ನು ಸಿಪ್ಪೆಯ ಹಾಗೆ ಸುಲಿದು ತೆಗೆದೆ. ಬೆಲ್ಟು ಜಾರಿತ್ತು, ಅದನ್ನೂ ಕೂರಿಸಿದೆ. ಮತ್ತೆ ಸ್ವಿಚ್ ಹಾಕಿದಾಗ ರೋಲರು ಗರ್ರನೆ ತಿರುಗಿತು. ಕುಚ್ಚನ್ನು ಕಾಲಲ್ಲಿ ಮಡಚಿ ಹಿಡಿದು ನನ್ನ ಪಾಲನ್ನು ಮುಗಿಸಿದೆ.

ಬಸಲಿಂಗಮ್ಮನವರಿಗೆ ರಬ್ಬರ್ ಗ್ಲೌಸು ಕೊಡಲು ಹೋದೆ. “ಅದು ಬ್ಯಾಡ. ನನ್ನ ಕೈಗೆ ಗೊತ್ತಾಗಬೇಕು. ಇನ್ನೊಮ್ಮಿ ಜಳಕ ಮಾಡಿದರಾತು,” ಎಂದು ಅಂಗೈ ಒದ್ದೆ ಮಾಡಿಕೊಂಡು ನೆಲಕ್ಕೆ ಕೂತರು. ಮೊದಲು ಮ್ಯಾನೇಜರ ಕಡೆಯನ್ನು ಉಜ್ಜಿದರು. ಅಂಗೈಗೆ ಕೆಂಪು, ಬಿಳಿ, ಕಂದು ಕೂದಲು ಸೇರಿ ಒಂದು ಉಂಡೆಯೇ ಬಂತು. ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಕೈ ತೊಳೆದು ನನ್ನ ಕಡೆಯನ್ನು ಉಜ್ಜಿದರು. ಒಂದು ಸಲ, ಎರಡು ಸಲ, ಮೂರನೆಯ ಸಲ ಇನ್ನೂ ಬಲವಾಗಿ. ಅಂಗೈಯನ್ನು ಬೆಳಕಿಗೆ ಹಿಡಿದರು.

“ಎರಡು ಕೂದಲ ಐತಿ,” ಎಂದರು. “ಎರಡು ಇದ್ದರ ಇರಲಿ. ನನ್ನ ತಲೀವು ಅದಕ್ಕಿಂತ ಹೆಚ್ಚಿಗಿ ಉದುರ್ತಾವ.”

ಮ್ಯಾನೇಜರು, “ಆದ್ರೆ ಅಮ್ಮಾ, ಅವರ ಮಷೀನು ಮಧ್ಯದಲ್ಲಿ ನಿಂತುಹೋಯ್ತು. ಅದನ್ನೂ ನೋಡಬೇಕಲ್ಲ,” ಎಂದರು.

“ನೋಡೀನಲ್ಲಪ್ಪ. ಅದನ್ನ ನೋಡೇ ಹೇಳಾಕತ್ತೀನಿ,” ಎಂದರು ಬಸಲಿಂಗಮ್ಮ. “ನಿಂದೂ ಹೋದ ಸಲ ನಿಂತಿತ್ತು. ನಿಂತದ್ದು ಹುಬ್ಬಳ್ಳಿಗೆ ಹೋಗಬೇಕು ಅಂದ್ರಿ, ವಾರಂಟಿ ಇಲ್ಲ ಅಂದ್ರಿ. ಈಕೀದು ನಿಂತಿತು, ಒಂದು ರೂಪಾಯಿ ಬಿಲ್ಲಿಲೆ ಬಿಚ್ಚಿದಳು, ಮತ್ತ ಹೊಂಟಿತು. ನಿಲ್ಲದ ಮಷೀನು ಎಲ್ಲೈತಪ್ಪ ಲೋಕದಾಗ? ನಿಂತರ ನಮ್ಮ ಕೈಯಾಗ ರಿಪೇರಿ ಆಗಬೇಕು. ಅದಕ್ಕ ನಂಬಿಗಸ್ತ ಅನ್ನೋದು.”

ಆಮೇಲೆ ನನ್ನ ಕಡೆ ತಿರುಗಿ, “ಅದು ಹೆಂಗ ಬಿಚ್ಚಿದಿ, ನನಗ ತೋರ್ಸು ಬಾ,” ಎಂದರು.

ಸರೋಜಾ ಟೀಚರ್ ಬೆಳ್ಳಿಯನ್ನು ಕೆಳಗಿಳಿಸಿ ಒಳಗೆ ಓಡಿಹೋಗಿ ಮುಖ ತೊಳೆದುಕೊಂಡು ಬಂದರು. ಎಲ್ಲರಿಗೂ ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ ಆಯಿತು. ಶ್ರಾವಣದ ಪೂಜೆಗೆ ಅಯ್ನೋರು ಬಂದ ದಿನ ರಾಜ, ಬೆಳ್ಳಿ ಹಿತ್ತಲಲ್ಲಿ ಮಲಗಿದ್ದವಂತೆ, ಮರಿಯಮ್ಮನಹಳ್ಳಿಯ ಮಾತನ್ನು ಯಾರೂ ಎತ್ತಲಿಲ್ಲವಂತೆ.

ಮ್ಯಾನೇಜರನ್ನು ನಾನು ಕೆಟ್ಟವರೆಂದು ಹೇಳಲಾರೆ. ವಾಪಸ್ ಬರುವಾಗ ಕಾರು ಹೊಸಪೇಟೆ ಹತ್ತಿರ ಬಂದಾಗ, “ಮೇಡಂ, ಆ ಒದ್ದೆ ಗ್ಲೌಸಿನ ಪರೀಕ್ಷೆ ನಮ್ಮವರಿಗೂ ಒಂದ್ಸಲ ತೋರಿಸಿಕೊಡ್ತೀರಾ?” ಎಂದು ಕೇಳಿದರು. ತೋರಿಸಿಕೊಟ್ಟೆ. ಮುಂದಿನ ವರ್ಷ ಅವರ ಕಂಪನಿಯ ಡೆಮೊ ಪೆಟ್ಟಿಗೆ ಬಂದಾಗ ಬಿಚ್ಚಿ ನೋಡಿದೆ. ಮಷೀನಿನ ತಲೆಯಲ್ಲಿ ತಿರುಗುವ ಬ್ರಷ್ಷಿತ್ತು. ಪೆಟ್ಟಿಗೆಯ ತಳದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಒಂದು ಜೊತೆ ಹಳದಿ ರಬ್ಬರ್ ಗ್ಲೌಸು. ನಾನು ಅದನ್ನು ಪಂಪಣ್ಣನವರ ಟೇಬಲ್ಲಿನ ಮೇಲಿಟ್ಟೆ. ಅವರು ಗ್ಲೌಸು ಹಾಕಿಕೊಂಡು, ಬೆರಳು ಆಡಿಸಿ ನೋಡಿ, “ಇನ್ನ ಮ್ಯಾಲೆ ಕಾಯಿ ದೇವರಿಗಷ್ಟ,” ಎಂದರು.

ನಾಯಿ ಸಾಕಿದವರೆಂದರೆ ಹುಲಿಗೆಮ್ಮನನ್ನು ಕರೆಯಿರಿ ಎನ್ನುವುದು ಅಲ್ಲಿಂದ ಶುರುವಾಯಿತು. ಎಲ್ಲವೂ ಸರಿಯಾಗಿಯೇ ಆಯಿತೆಂದು ತಿಳಿಯಬೇಡಿ. ತಾನೇ ಓಡಾಡಿ ಗುಡಿಸುವ ರೋಬೋಟ್ ಮಷೀನು ಬಂದ ಹೊಸತರಲ್ಲಿ ಹೊಸಪೇಟೆಯ ಒಂದು ಮನೆಗೆ ಅದನ್ನು ಬಹಳ ಹುರುಪಿನಿಂದ ಕೊಟ್ಟೆ. ನಾಯಿ ಒಂದೇ, ಟೈಲ್ಸ್ ನೆಲ, ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಆರಕ್ಕೆ ತಾನಾಗಿ ಹೊರಡುವ ಹಾಗೆ ಟೈಮ್ ಇಟ್ಟುಕೊಟ್ಟೆ. ಮನೆಯೊಡತಿ ಐದೂವರೆಗೆ ಎದ್ದು ದೇವರ ಕೋಣೆಯ ಮುಂದೆ ರಂಗೋಲಿ ಹಾಕುವವರು ಎಂದು ಕೇಳಲಿಲ್ಲ. ಮೂರು ದಿನ ಅವರು ಹಾಕಿದ ರಂಗೋಲಿಯನ್ನು ಅದು ಮೂಲೆ ಬಿಡದೆ ನುಂಗಿತು. ನಾಲ್ಕನೆಯ ದಿನ ಅವರು ಅದನ್ನು ಬುಟ್ಟಿಯಡಿ ಮುಚ್ಚಿ, ಮೇಲೆ ಕಲ್ಲಿಟ್ಟು, ನನಗೆ ಫೋನು ಮಾಡಿದರು. ಮನೆಯವರ ದಿನಚರಿ ಕೇಳದೆ ಮಷೀನು ಆರಿಸಬಾರದು ಎಂದು ಅವತ್ತು ಕಲಿತೆ. ಟೈಮನ್ನು ಹನ್ನೊಂದಕ್ಕೆ ಬದಲಿಸಿದ ಮೇಲೆ ಆ ರೋಬೋಟು ಇವತ್ತಿಗೂ ಓಡುತ್ತಿದೆ.

ಈಗ ಗಿರಾಕಿಗಳು ಮೊಬೈಲಿನಲ್ಲಿ ಎಲ್ಲವನ್ನೂ ಓದಿಕೊಂಡು ಬರುತ್ತಾರೆ. ಎಷ್ಟು ವ್ಯಾಟ್, ಎಷ್ಟು ಸ್ಟಾರ್ ಎನ್ನುವುದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅವರ ಹತ್ತಿರ ವಾದ ಮಾಡಬೇಡಿ. ಮಷೀನನ್ನು ಮಗುಚಿ ಹಾಕಿ ಅವರ ಕೈಯಿಂದಲೇ ರೋಲರು ತೆಗೆಸಿ. ತೆಗೆಯಲು ಬಂದರೆ ಅರ್ಧ ಕೆಲಸ ಮುಗಿಯಿತು. ಬೆಲ್ಟು, ಫಿಲ್ಟರು ಹೊಸಪೇಟೆಯಲ್ಲೇ ಸಿಗುತ್ತದೆಯೇ ಎಂದು ನೀವು ಮೊದಲೇ ವಿಚಾರಿಸಿಟ್ಟಿರಿ. ಬ್ಯಾಟರಿಯದಾದರೆ ಅವರ ಮನೆಯ ಎಲ್ಲ ಕೋಣೆ ಮುಗಿಯುವವರೆಗೆ ಓಡುತ್ತದೆಯೇ ಎಂದು ಅವರ ಮನೆಯಲ್ಲೇ ಓಡಿಸಿ ನೋಡಿ. ನಾಯಿಯ ಎದುರಿಗೆ ಒಂದು ಸಲ ಸ್ವಿಚ್ ಹಾಕಿ. ದನಿಗೆ ಹೆದರಿ ಮಂಚದಡಿ ಸೇರಿದ ನಾಯಿ ಅಲ್ಲೇ ಹೊರಳಿ ಇನ್ನಷ್ಟು ಉದುರಿಸುತ್ತದೆ. ಇದಿಷ್ಟನ್ನೂ ಮಾಡಿ ಕೊಟ್ಟ ಮಷೀನು ನನಗೆ ವಾಪಸ್ ಬಂದದ್ದು ಕಡಿಮೆ.

ಸಂಡೂರಿನ ವಿಷಯಕ್ಕೆ ಬರುತ್ತೇನೆ. ಟೀಚರ ಮನೆಯ ಸುದ್ದಿ ಹರಡಿ ಅವರ ಬೀದಿ, ಪಕ್ಕದ ಬೀದಿ ಸೇರಿ ಏಳು ಮನೆಗೆ ಅದೇ ಬೂದಿ ಬಣ್ಣದ ಮಷೀನು ಹೋಯಿತು. ಗೋಡೌನಿನಲ್ಲಿ ಒಂದೇ ಇದ್ದದ್ದು, ಮಿಕ್ಕವನ್ನು ಪಂಪಣ್ಣನವರು ತಾವೇ ಫೋನು ಮಾಡಿ ತರಿಸಿದರು. ಆಮೇಲೆ ಎರಡು ವರ್ಷ ಸಂಡೂರಿನಿಂದ ಒಂದೇ ಒಂದು ಸರ್ವಿಸ್ ಕಾಲ್ ಬರಲಿಲ್ಲ. ಪಂಪಣ್ಣನವರಿಗೆ ಕಳವಳ ಶುರುವಾಯಿತು. “ಏಳಕ್ಕ ಏಳೂ ಕೆಟ್ಟು ಅಟ್ಟ ಸೇರ್ಯಾವೇನೋ. ಹೋಗಿ ನೋಡಿ ಬಾ,” ಎಂದು ಕಳಿಸಿದರು.

ಟೀಚರ ಮನೆಯ ಕಟ್ಟೆಯ ಮೇಲೆ ಬಸಲಿಂಗಮ್ಮನವರು ಕಾಲು ಚಾಚಿ ಕೂತಿದ್ದರು. ರಾಜ ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿತ್ತು. ಮುಂದೆ ಹಾಸಿದ ಪೇಪರಿನ ಮೇಲೆ ಮೂರು ಮಷೀನಿನ ತಲೆಗಳು, ಬಿಚ್ಚಿಟ್ಟ ರೋಲರುಗಳು, ಕತ್ತರಿ, ಒಂದು ಬಟ್ಟಲಲ್ಲಿ ಸ್ಕ್ರೂಗಳು. ಮೂರೂ ನೆರೆಮನೆಯವು. ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ಕೂತು ತನ್ನ ಮಷೀನಿನ ಸರದಿ ಕಾಯುತ್ತಿದ್ದಳು. ಬಸಲಿಂಗಮ್ಮನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಬಾರವ್ವ ಹುಲಿಗೆಮ್ಮ, ಕುಂದ್ರು. ಇವರು ನಿಮ್ಮ ಅಂಗಡಿಗೆ ಫೋನು ಹಚ್ತೀವಿ ಅಂದ್ರ ನಾನ ಬ್ಯಾಡ ಅಂದೆ. ಇಷ್ಟಕ್ಕ ಹೊಸಪೇಟಿಯಿಂದ ಆಕಿ ಯಾಕ ಬರಬೇಕು, ತರ್ರಿ ಇಲ್ಲಿ ಅಂದೆ. ನೀ ಕೊಟ್ಟಿದ್ದ ಬೆಲ್ಟು ಮಾತ್ರ ಖಾಲಿ ಆಗ್ಯಾವು. ತಂದೀಯೇನು?”

ನನ್ನ ಚೀಲದಲ್ಲಿದ್ದ ನಾಲ್ಕು ಬೆಲ್ಟುಗಳನ್ನೂ ತೆಗೆದು ಅವರ ಮುಂದಿಟ್ಟೆ. ಅವರು ಒಂದೊಂದನ್ನೂ ಎಳೆದು ಬಿಗಿ ನೋಡಿ, ಮೂರನ್ನು ಇಟ್ಟುಕೊಂಡು, ಒಂದನ್ನು ಸಡಿಲವೆಂದು ನನಗೆ ವಾಪಸ್ ಕೊಟ್ಟರು. ನಾನು ಪಕ್ಕದಲ್ಲಿ ಕೂತು ಅವರಿಗೆ ಸ್ಕ್ರೂ ಎತ್ತಿಕೊಡುತ್ತ ಹೋದೆ. ಮೂವತ್ತು ವರ್ಷದ ಕೆಲಸದಲ್ಲಿ ನನ್ನ ಕೆಲಸವನ್ನು ಇನ್ನೊಬ್ಬರು ಕಸಿದುಕೊಂಡದ್ದಕ್ಕೆ ಹಿಗ್ಗಿದ್ದು ಅವತ್ತು ಒಂದೇ ಸಲ.